ತಂಗಿಯ ವಿದೇಶದ ಓದಿಗೆ ಎರಡು ಎಕರೆ ಮಾರಬೇಕಾ? ಸ್ಕಾಲರ್‌ಶಿಪ್ ಬಗ್ಗೆ ಗೊತ್ತಿದ್ದವರು ಹೇಳಿ

ಸಿಂಧನೂರು_ಅಣ್ಣ

ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಆರು ಎಕರೆ ಇದೆ, ಭತ್ತ ಬೆಳೆಯುತ್ತೇವೆ. ತಂಗಿ ಈ ವರ್ಷ ಬಿಎಸ್ಸಿ ಅಗ್ರಿ ಮುಗಿಸುತ್ತಾಳೆ. ಸಿಜಿಪಿಎ 8.3. ತಳಿ ಅಭಿವೃದ್ಧಿಯಲ್ಲಿ ಎಂಎಸ್ಸಿ ಮಾಡಬೇಕು, ಅದೂ ಹೊರದೇಶದಲ್ಲಿ ಅಂತ ಅವಳ ಆಸೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸುತ್ತಿರುವ ಮೊದಲ ಹೆಣ್ಣುಮಗಳು ಅವಳು.

ಹೋದ ವಾರ ಒಂದು ಕನ್ಸಲ್ಟೆನ್ಸಿಗೆ ಹೋಗಿದ್ದೆವು. ಬ್ರಿಟನ್ನಿನಲ್ಲಿ ಒಂದು ವರ್ಷದ ಕೋರ್ಸ್, ಎಲ್ಲಾ ಸೇರಿ 32 ಲಕ್ಷ ಆಗುತ್ತದೆ ಎಂದರು. ಅದರಲ್ಲಿ 3 ಲಕ್ಷ ಸ್ಕಾಲರ್‌ಶಿಪ್ ಗ್ಯಾರಂಟಿಯಂತೆ. ಈಗ 60 ಸಾವಿರ ಕಟ್ಟಿದರೆ ಫೈಲ್ ಓಪನ್ ಮಾಡ್ತಾರಂತೆ. ಕೋರ್ಸ್ ಯಾವುದು ಅಂದರೆ ಅಗ್ರಿ ಬಿಸಿನೆಸ್. ತಳಿ ಅಭಿವೃದ್ಧಿ ಅಲ್ಲ. "ಅದಕ್ಕೆಲ್ಲ ಸ್ಕೋಪ್ ಇಲ್ಲ" ಅಂದುಬಿಟ್ಟರು.

ಅಪ್ಪ ಎರಡು ಎಕರೆ ಕೊಟ್ಟುಬಿಡೋಣ ಅಂತಿದ್ದಾರೆ. ಊಟಕ್ಕೆ ಕೂತರೂ ಅದೇ ಮಾತು. ನನಗೆ ಭಯ. 2024ರ ಆಗಸ್ಟ್‌ನಲ್ಲಿ ಡ್ಯಾಂನ 19ನೇ ಗೇಟು ಕೊಚ್ಚಿ ಹೋದ ರಾತ್ರಿ ಊರಲ್ಲಿ ಯಾರೂ ಮಲಗಲಿಲ್ಲ. ನೀರು ಒಂದು ವರ್ಷ ಕೈಕೊಟ್ಟರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಇರುವ ಹೊಲವನ್ನೂ ಕಡಿಮೆ ಮಾಡಿಕೊಂಡರೆ ಹೇಗೆ? ಹಾಗಂತ ತಂಗಿಗೆ ಬೇಡ ಅನ್ನಲು ಬಾಯಿ ಬರುತ್ತಿಲ್ಲ. ನಿಜವಾದ ಸ್ಕಾಲರ್‌ಶಿಪ್ ಯಾವುದು, ಎಲ್ಲಿಂದ ಶುರು ಮಾಡಬೇಕು, ದಯವಿಟ್ಟು ಹೇಳಿ.

ಗಂಗಾವತಿ_ತಂದೆ

ತಮ್ಮಾ, 60 ಸಾವಿರ ಕಟ್ಟಬೇಡ. ಮೊದಲು ಅದನ್ನು ನಿಲ್ಲಿಸು.

ನಾನು ಮೂರು ಎಕರೆ ಮಾರಿ ಮಗನನ್ನು ಕಳಿಸಿದೆ. ಕಳಿಸಿದ್ದಕ್ಕೆ ಬೇಜಾರಿಲ್ಲ, ಹುಡುಗ ಕಷ್ಟಪಟ್ಟು ಓದಿದ. ಆದರೆ ನಾವು ಫೀಸು ಮಾತ್ರ ನೋಡಿದ್ದೆವು. ಅಲ್ಲಿಗೆ ಹೋದ ಮೇಲೆ ಮನೆ ಬಾಡಿಗೆ, ಅಡ್ವಾನ್ಸು, ವೀಸಾ ಜೊತೆಗೆ ಕಟ್ಟಿದ ಆರೋಗ್ಯದ ಫೀಸು ಅಂತ ಮತ್ತೆ ಆರು ತಿಂಗಳು ದುಡ್ಡು ಕಳಿಸಿದೆ. ಬ್ರಿಟನ್ನಿನಲ್ಲಿ ಆ ಆರೋಗ್ಯದ ಫೀಸೇ ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್. ಇದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ನಮ್ಮ ಏಜೆಂಟರು ಕೊಟ್ಟ "ಸ್ಕಾಲರ್‌ಶಿಪ್" ಅಂದರೆ ಫೀಸಿನಲ್ಲಿ ಒಂದಿಷ್ಟು ರಿಯಾಯಿತಿ, ಅಷ್ಟೇ. ಅರ್ಜಿ ಹಾಕಿದ ಎಲ್ಲರಿಗೂ ಅದನ್ನೇ ಕೊಟ್ಟಿದ್ದರು ಅಂತ ಆಮೇಲೆ ಗೊತ್ತಾಯಿತು.

ಹೊಲ ಮಾರಿದ ಮೇಲೆ ಆ ದಾರಿಯಲ್ಲಿ ಹೋಗೋಕೂ ಮನಸ್ಸಾಗಲ್ಲ. ಅಪ್ಪನಿಗೆ ಇದನ್ನು ಓದಿ ಹೇಳು.

ರಾಯಚೂರಿಂದ_ಗೋಟಿಂಗನ್

ಅಣ್ಣಾ, ನಾನು ರಾಯಚೂರಿನವಳು. ನಾನೂ ಬಿಎಸ್ಸಿ ಅಗ್ರಿ ಮಾಡಿದವಳೇ, ಈಗ ಜರ್ಮನಿಯ ಗೋಟಿಂಗನ್‌ನಲ್ಲಿ ಎಂಎಸ್ಸಿ ಎರಡನೇ ವರ್ಷ. ಸ್ವಲ್ಪ ಉದ್ದ ಬರೆಯುತ್ತೇನೆ. ಯಾಕೆಂದರೆ ಎರಡು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದು ಅಲೆದಿದ್ದೆ.

ನಮ್ಮ ಕಡೆ ಎಲ್ಲರೂ ಮೊದಲು ದೇಶ ಹುಡುಕುತ್ತಾರೆ, ಆಮೇಲೆ ಕಾಲೇಜು, ಕೊನೆಗೆ ದುಡ್ಡು. ಇದನ್ನು ತಿರುಗಿಸಿ. ಅವಳ ವಿಷಯಕ್ಕೆ ದುಡ್ಡು ಎಲ್ಲಿದೆ ಅಂತ ಮೊದಲು ನೋಡಿ. ಕೃಷಿ ವಿಜ್ಞಾನ ಓದಿದವರಿಗೆ ಇರುವಷ್ಟು ದಾರಿ ಎಂಬಿಎ ಮಾಡುವವರಿಗೆ ಇಲ್ಲ. ಅಗ್ರಿ ಬಿಸಿನೆಸ್‌ಗೆ ಹಾಕಿದರೆ ಆ ಬಾಗಿಲನ್ನೆಲ್ಲ ನೀವೇ ಮುಚ್ಚಿಕೊಂಡ ಹಾಗೆ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರ್‌ಗೆ ಕೆಲವು ನೂರು ಯೂರೋ ಕಟ್ಟಬೇಕು, ಬಹಳ ಕಡೆ ಬಸ್ಸು ರೈಲಿನ ಪಾಸೂ ಅದರಲ್ಲೇ ಬರುತ್ತದೆ. ಗೋಟಿಂಗನ್, ಬಾನ್ ಎರಡು ಕಡೆಯೂ ಕೃಷಿಯಲ್ಲಿ ಇಂಗ್ಲಿಷ್ ಮಾಧ್ಯಮದ ಎಂಎಸ್ಸಿ ಇದೆ. ಹೊಹೆನ್‌ಹೈಮ್ ಕೃಷಿಗೆ ತುಂಬಾ ಹೆಸರಾದ ಜಾಗ. ಆದರೆ ಅದು ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿದೆ. ಅಲ್ಲಿ ಯೂರೋಪಿನ ಹೊರಗಿನವರು ಸೆಮಿಸ್ಟರ್‌ಗೆ 1500 ಯೂರೋ ಕಟ್ಟಬೇಕು. "ಜರ್ಮನಿ ಎಲ್ಲಾ ಫ್ರೀ" ಅನ್ನೋ ವಿಡಿಯೋಗಳಲ್ಲಿ ಇದನ್ನು ಹೇಳಲ್ಲ. ನಾರ್ವೆ ಫ್ರೀ ಅನ್ನುವುದೂ ಹಳೇ ಮಾತು. 2023ರಿಂದ ಅಲ್ಲೂ ನಮ್ಮಂಥವರಿಗೆ ಫೀಸಿದೆ.

ಈಗ ಕಷ್ಟದ ಭಾಗ. ಫೀಸಿಲ್ಲದಿದ್ದರೂ ವೀಸಾಕ್ಕೆ ಒಂದು ವರ್ಷದ ಊಟ ವಸತಿಯ ಹಣ ತೋರಿಸಬೇಕು. ಬ್ಲಾಕ್ಡ್ ಅಕೌಂಟ್ ಅಂತಾರೆ. ಈಗಿನ ಲೆಕ್ಕ 11,904 ಯೂರೋ, ನಮ್ಮ ದುಡ್ಡಲ್ಲಿ ಸುಮಾರು 12 ಲಕ್ಷ. ಆ ಹಣ ಯಾರಿಗೂ ಹೋಗಲ್ಲ, ನಿಮ್ಮದೇ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಅದರಲ್ಲೇ ಬಾಡಿಗೆ, ಊಟ, ಆರೋಗ್ಯ ವಿಮೆ. ವಿಮೆಗೇ ತಿಂಗಳಿಗೆ ನೂರು ಯೂರೋ ಮೇಲಾಗುತ್ತದೆ.

ಇನ್ನೊಂದು, ಎಪಿಎಸ್ ಪ್ರಮಾಣಪತ್ರ. 2022ರ ನವೆಂಬರ್‌ನಿಂದ ಭಾರತದವರಿಗೆ ಇದು ಕಡ್ಡಾಯ. ನಮ್ಮ ಅಂಕಪಟ್ಟಿಗಳು ಅಸಲಿಯೇ ಅಂತ ಜರ್ಮನಿಯವರು ನೋಡಿ ಕೊಡುವ ಕಾಗದ, ಶುಲ್ಕ 18 ಸಾವಿರ. ಇದಕ್ಕೆ ತಿಂಗಳುಗಳೇ ಬೇಕಾಗಬಹುದು. ಕೊನೆಯ ಸೆಮಿಸ್ಟರ್‌ನಲ್ಲಿರುವಾಗಲೇ ಶುರು ಮಾಡಿ.

ಕನ್ಸಲ್ಟೆನ್ಸಿಯವರು ಇದನ್ನೆಲ್ಲ ಯಾಕೆ ಹೇಳಲಿಲ್ಲ ಅಂದರೆ, ಅವರಿಗೆ ಕಮಿಷನ್ ಬರುವುದು ಫೀಸು ತೆಗೆದುಕೊಳ್ಳುವ ಕಾಲೇಜಿಂದ. ಫೀಸೇ ಇಲ್ಲದ ಕಡೆ ಕಮಿಷನ್ ಎಲ್ಲಿಂದ ಬರಬೇಕು?

ಸಿಂಧನೂರು_ಅಣ್ಣ

ಅಕ್ಕಾ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ತಂಗಿ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. 32 ಲಕ್ಷದಿಂದ 12ಕ್ಕೆ ಬಂತು, ಅದೇ ದೊಡ್ಡ ಸಮಾಧಾನ. ಆದರೆ ನಮಗೆ 12 ಕೂಡ ದೊಡ್ಡದೇ. ಅದಕ್ಕೂ ಸ್ಕಾಲರ್‌ಶಿಪ್ ಸಿಗುತ್ತದಾ? ಡಾಡ್ ಅಂತ ಒಂದು ಹೆಸರು ಕೇಳಿದ್ದೇವೆ.

ರಾಯಚೂರಿಂದ_ಗೋಟಿಂಗನ್

ಡಿಎಎಡಿ, ಜರ್ಮನ್ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆ. ಅವರ ಇಪಾಸ್ (EPOS) ಅನ್ನುವ ಸ್ಕಾಲರ್‌ಶಿಪ್ ಕೃಷಿಯವರಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಡಿಗ್ರಿ ಆದ ಮೇಲೆ ಎರಡು ವರ್ಷ ಕೆಲಸ ಮಾಡಿರಬೇಕು. ಡಿಗ್ರಿ ಮುಗಿದು ಆರು ವರ್ಷ ದಾಟಿರಬಾರದು. ನಿಮ್ಮ ತಂಗಿಗೆ ಸದ್ಯಕ್ಕೆ ಆಗಲ್ಲ. ಬ್ರಿಟನ್ನಿನ ಚೀವ್ನಿಂಗ್‌ಗೂ ಎರಡು ವರ್ಷದ ಅನುಭವ ಕೇಳುತ್ತಾರೆ, ಅಮೆರಿಕದ ಫುಲ್‌ಬ್ರೈಟ್-ನೆಹರೂಗೆ ಮೂರು ವರ್ಷ. ಅದಕ್ಕೇ ಹೇಳೋದು, ಈ ವರ್ಷ ಸಿಗದಿದ್ದರೆ ಬೀಜದ ಕಂಪನಿಯಲ್ಲೋ ಸಂಶೋಧನಾ ಕೇಂದ್ರದಲ್ಲೋ ಎರಡು ವರ್ಷ ದುಡಿದರೂ ನಷ್ಟ ಇಲ್ಲ. ಆಗ ಇನ್ನೂ ಎರಡು ಬಾಗಿಲು ತೆರೆಯುತ್ತವೆ.

ಅನುಭವ ಇಲ್ಲದೆಯೂ ಹಾಕಬಹುದಾದ ದೊಡ್ಡದೆಂದರೆ ಇರಾಸ್ಮಸ್ ಮುಂಡಸ್. ಯೂರೋಪಿನ ಎರಡು ಮೂರು ದೇಶದ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಎಂಎಸ್ಸಿ. ಸ್ಕಾಲರ್‌ಶಿಪ್ ಸಿಕ್ಕವರಿಗೆ ಫೀಸಿಲ್ಲ, ಮೇಲೆ ತಿಂಗಳಿಗೆ 1400 ಯೂರೋ, ಎರಡು ವರ್ಷ. ಸಸ್ಯ ತಳಿ ಅಭಿವೃದ್ಧಿಗೆಂದೇ ಎಂಪ್ಲಾಂಟ್ ಅನ್ನುವ ಕೋರ್ಸ್ ಇದೆ. ಇಂಥ ಕೋರ್ಸ್‌ಗಳ ಅರ್ಜಿ ಹೆಚ್ಚಾಗಿ ಅಕ್ಟೋಬರ್‌ನಿಂದ ಜನವರಿ ಒಳಗೆ ಮುಗಿದುಹೋಗುತ್ತದೆ. ಓದು ಶುರುವಾಗುವುದು ಮುಂದಿನ ಸೆಪ್ಟೆಂಬರ್‌ಗೆ. ನಮ್ಮವರು ಜೂನ್‌ನಲ್ಲಿ ರಿಸಲ್ಟ್ ಬಂದ ಮೇಲೆ ಹುಡುಕೋಕೆ ಹೊರಡುತ್ತಾರೆ. ಅಷ್ಟೊತ್ತಿಗೆ ಸ್ಕಾಲರ್‌ಶಿಪ್ ಎಲ್ಲಾ ಹಂಚಿ ಆಗಿರುತ್ತದೆ, ಉಳಿದಿರುವುದು ದುಡ್ಡು ಕೊಟ್ಟು ಓದುವ ಸೀಟು.

ನನಗೆ ಇರಾಸ್ಮಸ್ ಸಿಗಲಿಲ್ಲ. ಮೊದಲ ಸಲ ಹಾಕಿದಾಗ ಪತ್ರದಲ್ಲಿ "ಬಾಲ್ಯದಿಂದಲೂ ನನಗೆ ಕೃಷಿಯಲ್ಲಿ ಆಸಕ್ತಿ" ಅಂತ ಬರೆದಿದ್ದೆ. ಯಾರು ಬೇಕಾದರೂ ಬರೆಯುವ ಮಾತು ಅದು. ಗೋಟಿಂಗನ್‌ಗೆ ಹಾಕುವಾಗ ಬೇರೆ ಬರೆದೆ. ಕಾಲುವೆಯ ಕೊನೇ ಭಾಗದ ನಮ್ಮ ಹೊಲದಲ್ಲಿ ಬೇಸಿಗೆಗೆ ಬಿಳಿ ಉಪ್ಪು ಮೇಲೆ ಬರುವುದು, ಅಜ್ಜ ಅದನ್ನು ಸವಳು ಅನ್ನುತ್ತಿದ್ದದ್ದು, ಯಾವ ತಳಿ ಹಾಕಿದರೆ ಅರ್ಧ ಬೆಳೆಯಾದರೂ ಬರುತ್ತಿತ್ತು ಅನ್ನುವುದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಜವಳು ಮಣ್ಣಿನ ಮೇಲೆ ಕೆಲಸ ನಡೆಯುತ್ತದೆ. ಅಲ್ಲಿ ನೋಡಿದ ಪ್ರಯೋಗದ ಬಗ್ಗೆಯೂ ಬರೆದೆ. ನಮ್ಮ ಸೀಮೆಯ ಕಷ್ಟವೇ ಅರ್ಜಿಗೆ ಬಲ ಕೊಟ್ಟಿತು. ತಂಗಿಗೆ ಹೇಳಿ, ಹೊಲವನ್ನು ಮಾರುವ ಬದಲು ಹೊಲದ ಬಗ್ಗೆ ಬರೆಯಲಿ.

ನಿವೃತ್ತ_ಬ್ಯಾಂಕಿನವರು_ಬಳ್ಳಾರಿ

ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವನು. ಸಾಲದ ಬಗ್ಗೆ ಕೆಲವು ಮಾತು.

ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನವೂ ಬೇಡ, ಹೊರಗಿನ ಜಾಮೀನೂ ಬೇಡ. 4ರಿಂದ 7.5 ಲಕ್ಷದವರೆಗೆ ಒಬ್ಬರ ಜಾಮೀನು ಕೇಳಬಹುದು. ಅದರ ಮೇಲೆ ಹೋದರೆ ಆಸ್ತಿ ಅಡಮಾನ. ನಮ್ಮ ರೈತರು ಎಡವುವುದು ಇಲ್ಲಿಯೇ. ಪಹಣಿ ಹಿಡಿದು ಬರುತ್ತಾರೆ. ಆರು ಎಕರೆ ನೀರಾವರಿ ಇದೆ, ಕೋಟಿಗಟ್ಟಲೆ ಬೆಲೆ ಇದೆ, ಕೊಡಿ ಅನ್ನುತ್ತಾರೆ. ಆದರೆ ಕೃಷಿ ಭೂಮಿಯನ್ನು ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ವಶಪಡಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಶಿಕ್ಷಣ ಸಾಲಕ್ಕೆ ಹೊಲವನ್ನು ಅಡಮಾನವಾಗಿ ತೆಗೆದುಕೊಳ್ಳಲು ಬಹಳ ಬ್ಯಾಂಕುಗಳು ಒಪ್ಪುವುದಿಲ್ಲ. ಎನ್‌ಎ (ಕೃಷಿಯೇತರ) ಆದ ನಿವೇಶನ, ಮನೆ, ಇಲ್ಲವೇ ಠೇವಣಿ ಬೇಕು. ಹಳ್ಳಿಯ ಮನೆ ಇಡುವುದಾದರೆ ಇ-ಸ್ವತ್ತು ಮಾಡಿಸಿ ಅದರ ನಮೂನೆಗಳನ್ನು ಮೊದಲೇ ತೆಗೆಸಿಟ್ಟುಕೊಳ್ಳಿ. ಪಂಚಾಯಿತಿಯಲ್ಲಿ ಅದೇ ಎಷ್ಟೋ ದಿನ ಹಿಡಿಯುತ್ತದೆ.

ವಿದೇಶದ ಓದಿಗೆ ಖರ್ಚಿನಲ್ಲಿ ಶೇ 15ರಷ್ಟನ್ನು ನೀವೇ ಹಾಕಬೇಕು, ಅದಕ್ಕೆ ಮಾರ್ಜಿನ್ ಅಂತಾರೆ. ಸಿಕ್ಕ ಸ್ಕಾಲರ್‌ಶಿಪ್ಪನ್ನು ಆ ಮಾರ್ಜಿನ್‌ಗೆ ಲೆಕ್ಕ ಹಿಡಿಯಲು ಬರುತ್ತದೆ, ಮರೆಯದೆ ಕೇಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ. ಆದರೆ ಬಡ್ಡಿ ಓಡುತ್ತಿರುತ್ತದೆ. ಶೇ 10 ಅಂತ ಇಟ್ಟುಕೊಂಡರೆ 12 ಲಕ್ಷಕ್ಕೆ ತಿಂಗಳಿಗೆ 10 ಸಾವಿರ ಬಡ್ಡಿ. ಓದುವಾಗಲೇ ಅದನ್ನು ಕಟ್ಟುತ್ತಾ ಹೋದರೆ ಮುಂದೆ ಹೊರೆ ತುಂಬಾ ಇಳಿಯುತ್ತದೆ. ಸಾಲ ತೆಗೆದುಕೊಂಡ ಅಪ್ಪ, ಅಮ್ಮ ಅಥವಾ ಓದಿದವಳೇ ಆದಾಯ ತೆರಿಗೆ ಕಟ್ಟುವುದಿದ್ದರೆ ತೆರಿಗೆಯ ಹಳೇ ಪದ್ಧತಿಯಲ್ಲಿ ಆ ಬಡ್ಡಿಗೆ ಎಂಟು ವರ್ಷ ವಿನಾಯಿತಿ ಇದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೊರಗೆ ಕಳಿಸಿದ ಹಣಕ್ಕೆ ಟಿಸಿಎಸ್ (ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ) ಹಿಡಿಯುವುದಿಲ್ಲ, 2025ರ ಏಪ್ರಿಲ್‌ನಿಂದ ಹೀಗೆ.

ಪಿಎಂ ವಿದ್ಯಾಲಕ್ಷ್ಮಿ ಅಂತ ಬಹಳ ಜನ ಕೇಳುತ್ತಾರೆ. ಅದು ನಮ್ಮ ದೇಶದ ಕಾಲೇಜುಗಳಿಗೆ ಮಾತ್ರ. ಅಲ್ಪಸಂಖ್ಯಾತರ ಬಡ್ಡಿ ಸಹಾಯದ ಪಢೋ ಪರ್ದೇಶ್ 2022-23ರಿಂದ ನಿಂತುಹೋಗಿದೆ. ಈಗಲೂ ಅದರ ಹೆಸರಲ್ಲಿ ಅರ್ಜಿ ತುಂಬಿಸಿ ದುಡ್ಡು ಕೇಳುವವರಿದ್ದರೆ ನಂಬಬೇಡಿ.

ಮಾನ್ವಿ_ರೈತನ_ಮಗ

ಎಲ್ಲರೂ ಹೋಗೋದು ಹೇಗೆ ಅಂತಲೇ ಹೇಳುತ್ತಿದ್ದೀರಿ. ಹೋಗಲೇಬೇಕಾ ಅಂತ ಯಾರೂ ಕೇಳುತ್ತಿಲ್ಲ. ರಾಯಚೂರು, ಧಾರವಾಡ, ಬೆಂಗಳೂರು, ದೆಹಲಿಯ ಪೂಸಾ, ಇಲ್ಲೆಲ್ಲ ತಳಿ ಅಭಿವೃದ್ಧಿಯಲ್ಲಿ ಎಂಎಸ್ಸಿ ಇದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಐಸಿಎಆರ್ ಪರೀಕ್ಷೆ ಚೆನ್ನಾಗಿ ಬರೆದರೆ ಸ್ಕಾಲರ್‌ಶಿಪ್ ಜೊತೆಗೇ ಸೀಟು. ನಮ್ಮ ಸೋನಾ ಮಸೂರಿ ಬಗ್ಗೆ ಕಲಿಯಲು ಜರ್ಮನಿಗೆ ಯಾಕೆ ಹೋಗಬೇಕು? ನಾನು ಬೇಡ ಅನ್ನುತ್ತಿಲ್ಲ. 12 ಲಕ್ಷ ಸಾಲ ಒಬ್ಬ ಹುಡುಗಿಯ ತಲೆ ಮೇಲೆ ಬರುತ್ತಲ್ಲ ಅಂತ ಕಳವಳ.

ರಾಯಚೂರಿಂದ_ಗೋಟಿಂಗನ್

ನಿಮ್ಮ ಮಾತು ಸರಿ ಅಣ್ಣಾ. ಐಸಿಎಆರ್ ಪರೀಕ್ಷೆ ಬರೆಯಲೇಬೇಕು, ನಾನೂ ಬರೆದಿದ್ದೆ. ಎರಡನ್ನೂ ಜೊತೆಗೇ ನಡೆಸಬಹುದು. ಇಲ್ಲೇ ಎಂಎಸ್ಸಿ ಮುಗಿಸಿ ಪಿಎಚ್‌ಡಿಗೆ ಹೊರಗೆ ಹೋದರೆ ಸಾಲದ ಮಾತೇ ಬರದೇ ಇರಬಹುದು. ಜರ್ಮನಿಯಲ್ಲಿ ಎಷ್ಟೋ ಪಿಎಚ್‌ಡಿಗಳು ಸಂಬಳದ ಕೆಲಸ. ನಾನು ಇಲ್ಲಿಗೆ ಬಂದದ್ದು ಇಲ್ಲಿನ ಪ್ರಯೋಗಾಲಯದ ಆಸೆಗೆ. ಅವಳ ಆಸೆ ಅವಳನ್ನೇ ಕೇಳಬೇಕು.

ಹೊಲದಿಂದ_ಲ್ಯಾಬಿಗೆ

ನಾನು ಕೃಷಿ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುತ್ತೇನೆ. ಊರು ಲಿಂಗಸುಗೂರು. ಅಮೆರಿಕದ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಅದು ಇಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಕಂಪ್ಯೂಟರ್ ಓದುವವರು ಅಮೆರಿಕಕ್ಕೆ ಸಾಲ ಮಾಡಿಕೊಂಡು ಹೋಗುತ್ತಾರೆ. ಕೃಷಿಯಲ್ಲಿ ಹಾಗಲ್ಲ. ಅಲ್ಲಿನ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಕೃಷಿಗೆ ಸಂಶೋಧನಾ ಹೊಲ ಇವೆ, ಯೋಜನೆಗಳಿವೆ. 1862ರ ಕಾಯ್ದೆಯಿಂದ ಭೂಮಿ ಪಡೆದು ಹುಟ್ಟಿದ ವಿಶ್ವವಿದ್ಯಾಲಯಗಳು ಇವು. ಯೋಜನೆ ಇರುವ ಪ್ರೊಫೆಸರ್ ತನಗೆ ಬೇಕಾದ ವಿದ್ಯಾರ್ಥಿಯನ್ನು ರಿಸರ್ಚ್ ಅಸಿಸ್ಟೆಂಟ್ ಆಗಿ ತೆಗೆದುಕೊಳ್ಳುತ್ತಾರೆ. ಎಂಎಸ್‌ಗೂ ತೆಗೆದುಕೊಳ್ಳುತ್ತಾರೆ, ಪಿಎಚ್‌ಡಿಗಂತೂ ಹೆಚ್ಚಿನವರು ಹೀಗೇ ಹೋಗುವುದು. ಆಗ ಫೀಸು ಬಹುಪಾಲು ಮಾಫಿ, ತಿಂಗಳಿಗೆ ಸಂಬಳದಂತೆ ಹಣ. ಇದು ಯಾವ ಸ್ಕಾಲರ್‌ಶಿಪ್ ಪಟ್ಟಿಯಲ್ಲೂ ಸಿಗಲ್ಲ. ಪ್ರೊಫೆಸರಿಗೆ ನೇರವಾಗಿ ಮೇಲ್ ಬರೆಯಬೇಕು.

ಹೇಗೆ ಬರೆಯಬೇಕು ಅನ್ನುವುದರಲ್ಲಿ ನಮ್ಮ ಮಕ್ಕಳು ಸೋಲುತ್ತಾರೆ. ಒಂದೇ ಮೇಲನ್ನು ನೂರು ಜನಕ್ಕೆ ಕಳಿಸುತ್ತಾರೆ. ಅದನ್ನು ಯಾರೂ ತೆರೆಯಲ್ಲ. ಆ ಪ್ರೊಫೆಸರ್ ಈಗ ಯಾವ ಬೆಳೆ ಮೇಲೆ ಕೆಲಸ ಮಾಡುತ್ತಿದ್ದಾರೆ ನೋಡಿ, ಅವರ ಒಂದು ಲೇಖನ ಪೂರ್ತಿ ಓದಿ, ಅದರ ಬಗ್ಗೆ ಒಂದು ಒಳ್ಳೇ ಪ್ರಶ್ನೆ ಕೇಳಿ. ಹತ್ತು ಸಾಲು ಸಾಕು. ಹಿಂಗಾರಿ ಜೋಳ ನಮ್ಮ ಮನೆಯ ಬೆಳೆ, ಅಲ್ಲಿ ಕ್ಯಾನ್ಸಾಸ್‌ನಲ್ಲಿ ಜೋಳದ ಮೇಲೆ ದೊಡ್ಡ ಕೆಲಸ ನಡೆದಿದೆ. ನನ್ನ ಒಬ್ಬ ವಿದ್ಯಾರ್ಥಿನಿ ಹನ್ನೊಂದು ಮೇಲ್ ಬರೆದಳು. ಎರಡಕ್ಕೆ ಉತ್ತರ ಬಂತು, ಒಂದು ಕಡೆ ಸೀಟಾಯಿತು.

ಈಗ ಸಮಯ ಅಷ್ಟು ಚೆನ್ನಾಗಿಲ್ಲ ಅನ್ನುವುದನ್ನೂ ಹೇಳಬೇಕು. 2025ರಲ್ಲಿ ಅಮೆರಿಕ ಸರ್ಕಾರ ಹೊರದೇಶಗಳಿಗೆ ನೆರವು ಕೊಡುವ ಯುಎಸ್‌ಏಡ್ ಹಣ ನಿಲ್ಲಿಸಿದಾಗ ವಿಶ್ವವಿದ್ಯಾಲಯಗಳ ಕೃಷಿ ಯೋಜನೆಗಳಿಗೂ ಪೆಟ್ಟು ಬಿತ್ತು. ಹಾಗಾಗಿ ಅಮೆರಿಕ ಒಂದನ್ನೇ ನೆಚ್ಚಿಕೊಳ್ಳಬೇಡಿ. ಜಪಾನಿನ ಮೆಕ್ಸ್ಟ್ ಸ್ಕಾಲರ್‌ಶಿಪ್ಪನ್ನೂ ನೋಡಿ. ಫೀಸು, ವಿಮಾನದ ಟಿಕೆಟ್ಟು, ತಿಂಗಳ ಭತ್ಯೆ ಎಲ್ಲಾ ಅವರೇ ಕೊಡುತ್ತಾರೆ, ಅರ್ಜಿ ಶುಲ್ಕ ಇಲ್ಲ. ಭತ್ತದ ವಿಜ್ಞಾನದಲ್ಲಿ ಜಪಾನಿನವರು ಬಹಳ ಮುಂದಿದ್ದಾರೆ. ನಮ್ಮ ಕಡೆಯಿಂದ ಹಾಕುವವರೇ ಕಡಿಮೆ.

ಸಂಡೂರು_ಹುಡುಗಿ

ನಾನು ಪರಿಶಿಷ್ಟ ಜಾತಿಯವಳು, ಅಪ್ಪ ಗಣಿ ಲಾರಿ ಡ್ರೈವರ್. ನನ್ನ ದಾರಿ ಬೇರೆ. ಓದುತ್ತಿರುವವರಲ್ಲಿ ಯಾರಿಗಾದರೂ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಎಂಎ, ಎಂಎಸ್ಸಿ, ಪಿಎಚ್‌ಡಿಗೆ ಮಾತ್ರ. ವರ್ಷಕ್ಕೆ 125 ಜನ, ಅದರಲ್ಲಿ ಶೇ 30 ಹೆಣ್ಣುಮಕ್ಕಳಿಗೆ. ಮನೆಯ ಆದಾಯ ವರ್ಷಕ್ಕೆ 8 ಲಕ್ಷ ಮೀರಬಾರದು, ಅಂಕ ಶೇ 60 ಇರಬೇಕು, ವಯಸ್ಸು 35ರ ಒಳಗೆ. ಲೋಕದ ವಿಶ್ವವಿದ್ಯಾಲಯಗಳಿಗೆ ರ್ಯಾಂಕ್ ಕೊಡುವ ಕ್ಯೂಎಸ್ ಪಟ್ಟಿಯ ಮೊದಲ 500ರೊಳಗಿನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿರಬೇಕು. ಸಿಕ್ಕರೆ ಪೂರ್ತಿ ಫೀಸು, ಟಿಕೆಟ್ಟು, ಜೊತೆಗೆ ಖರ್ಚಿಗೆ ವರ್ಷಕ್ಕೆ 15,400 ಡಾಲರ್, ಬ್ರಿಟನ್ನಾದರೆ 9,900 ಪೌಂಡ್. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ಸಚಿವಾಲಯದ್ದು ಬೇರೆ ಇದೆ, ಅದು 20 ಜನಕ್ಕೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಇದೆ, ಅದನ್ನೂ ತಪ್ಪದೆ ವಿಚಾರಿಸಿ.

ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ಪಿನಿಂದ. ತಿಂಗಳಿಗೆ ಹನ್ನೊಂದೂವರೆ ಪೌಂಡ್. ನಾನು ಅರ್ಜಿ ತುಂಬುವಾಗ ಆ ಅಂಕಿ ನೆನಪಾಗುತ್ತಿತ್ತು. ಇದು ಯಾರೋ ಕರುಣೆಯಿಂದ ಕೊಡುವ ದುಡ್ಡಲ್ಲ. ನಮ್ಮಂಥವರು ಹೋಗಿ ಓದಿ ಬರಲಿ ಅಂತಲೇ ಇಟ್ಟಿರುವುದು. ನಾಚಿಕೆ ಪಡಬೇಡಿ.

ಒಂದು ಎಚ್ಚರಿಕೆ. 2025ರಲ್ಲಿ ಆಯ್ಕೆಯಾದ 106 ಜನರಲ್ಲಿ 40 ಜನರಿಗೆ ಮಾತ್ರ ಮೊದಲು ಪತ್ರ ಕೊಟ್ಟರು, ಉಳಿದವರಿಗೆ ಹಣ ಬಂದರೆ ಕೊಡುತ್ತೇವೆ ಅಂದರು. ಸೀಟು ಕೈಯಲ್ಲಿ ಹಿಡಿದು ಕಾಯುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಆದ್ದರಿಂದ ಆಯ್ಕೆಯಾದರೂ ಇನ್ನೊಂದು ದಾರಿ ಬಿಡಬೇಡಿ.

ಕಿನ್ನಾಳ_ಕುಂಚ

ಮೇಡಂ, ನಾವು ಕಿನ್ನಾಳದವರು. ಅಪ್ಪ ಕಟ್ಟಿಗೆಯ ಗೊಂಬೆ ಮಾಡುತ್ತಾರೆ, ಹೊಲ ಇಲ್ಲ. ಪರಿಶಿಷ್ಟ ಜಾತಿಯಲ್ಲ. ನಾನು ವಸ್ತುಸಂಗ್ರಹಾಲಯದಲ್ಲಿ ಹಳೇ ಕಲೆಯನ್ನು ಕಾಪಾಡುವ ಓದು ಓದಬೇಕು ಅಂತಿದ್ದೇನೆ. ನಮಗೇನೂ ಇಲ್ವಾ?

ಸಂಡೂರು_ಹುಡುಗಿ

ಇದೆ ತಮ್ಮಾ! ಆ 125ರಲ್ಲೇ ಅಲೆಮಾರಿಗಳಿಗೆ 6, ಭೂಮಿ ಇಲ್ಲದ ಕೂಲಿಕಾರರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ 4 ಇಟ್ಟಿದ್ದಾರೆ. ಆ ನಾಲ್ಕರ ಬಗ್ಗೆ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ಗೊಂಬೆ ಮಾಡುವ ಮನೆತನ ಅಂತ ದಾಖಲೆ ಬೇಕಾಗುತ್ತದೆ. ಅಪ್ಪನ ಬಳಿ ಕುಶಲಕರ್ಮಿ ಗುರುತಿನ ಚೀಟಿ ಇದ್ದರೆ ಈಗಲೇ ಹುಡುಕಿಡು. ಒಂದು ಮಾತ್ರ ನೋಡಿಕೊ. 2022ರಿಂದ ಭಾರತದ ಸಂಸ್ಕೃತಿ, ಇತಿಹಾಸದ ಮೇಲಿನ ವಿಷಯಗಳಿಗೆ ಈ ಹಣ ಕೊಡುತ್ತಿಲ್ಲ. ಬಣ್ಣ, ಕಟ್ಟಿಗೆ ಇವುಗಳನ್ನು ಉಳಿಸುವ ವಿಜ್ಞಾನದ ಕೋರ್ಸ್ ಆದರೆ ಬೇರೆ ಮಾತು. ನಿಯಮದ ಹಾಳೆ ಇಟ್ಟುಕೊಂಡು ಕೋರ್ಸ್ ಆರಿಸು.

ಕೊಪ್ಪಳ_ತಾಯಿ

ನನ್ನ ಮಗಳು ಸೆಕೆಂಡ್ ಪಿಯು. ಡಿಗ್ರಿಗೇ ಹೊರಗೆ ಹೋಗಬೇಕು ಅಂತಾಳೆ. ಅದಕ್ಕೂ ಸಹಾಯ ಸಿಗುತ್ತದಾ?

ರಾಯಚೂರಿಂದ_ಗೋಟಿಂಗನ್

ಡಿಗ್ರಿಗೆ ಕಡಿಮೆ ಅಕ್ಕಾ. ಅಮೆರಿಕದ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಇಂಥ ಕೆಲವು ಕಡೆ ಮಾತ್ರ ದುಡ್ಡು ಬೇಕು ಅಂದರೂ ಸೀಟಿಗೆ ತೊಂದರೆಯಾಗಲ್ಲ. ಸೀಟು ಸಿಕ್ಕರೆ ಮನೆಯ ಆದಾಯ ನೋಡಿ ಎಷ್ಟು ಕೊರತೆಯೋ ಅಷ್ಟನ್ನೂ ಅವರೇ ತುಂಬುತ್ತಾರೆ. ಆದರೆ ಇಡೀ ಲೋಕದ ಮಕ್ಕಳು ಹಾಕುತ್ತಾರೆ. ಹಾಕಲಿ, ಜೊತೆಗೆ ಇಲ್ಲಿನ ಸಿಇಟಿಯನ್ನೂ ಬರೆಯಲಿ.

ನಿವೃತ್ತ_ಬ್ಯಾಂಕಿನವರು_ಬಳ್ಳಾರಿ

ಕೆಲವರು ಕರೆ ಮಾಡಿ ಕಲ್ಯಾಣ ಕರ್ನಾಟಕದವರ 371ಜೆ ಪ್ರಮಾಣಪತ್ರ ಇದಕ್ಕೆ ನಡೆಯುತ್ತದಾ ಅಂತ ಕೇಳಿದರು. ಇಲ್ಲ. ಅದು ಇಲ್ಲಿನ ಸೀಟು ಮತ್ತು ನೌಕರಿಗೆ. ಇದಕ್ಕೆ ಬೇಕಾದದ್ದು ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ. ಇಂಗ್ಲಿಷಿನಲ್ಲಿ ಕೇಳಿ ತೆಗೆದುಕೊಳ್ಳಿ, ಆಮೇಲೆ ಅನುವಾದ, ನೋಟರಿ ಅಂತ ಓಡಾಟ ತಪ್ಪುತ್ತದೆ.

ಹೆಸರಿನ ಬಗ್ಗೆ ಇನ್ನೂ ಮುಖ್ಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿರುತ್ತದೆ, ಡಿಗ್ರಿಯಲ್ಲಿ ಅಡ್ಡಹೆಸರು ಬಂದಿರುತ್ತದೆ. ಮೂರೂ ಒಂದೇ ಆಗದೆ ಪಾಸ್‌ಪೋರ್ಟ್ ಮಾಡಿಸಬೇಡಿ. ಎಷ್ಟೋ ಮಕ್ಕಳ ಸಾಲದ ಫೈಲು ಇದಕ್ಕೇ ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದಲ್ಲಿ, ಅಲ್ಪಸಂಖ್ಯಾತರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗದ ಸಾಲ ಕೇಳಿ. ಬ್ಯಾಂಕಿಗಿಂತ ಮೊದಲು ಅಲ್ಲಿಗೆ ಹೋಗಿ. ಮುಂಬೈನ ಜೆ.ಎನ್. ಟಾಟಾ ಎಂಡೋಮೆಂಟ್ ಕೂಡ ಸಾಲದ ರೂಪದಲ್ಲಿ ಸ್ಕಾಲರ್‌ಶಿಪ್ ಕೊಡುತ್ತದೆ, 1892ರಿಂದ.

ಸಿಂಧನೂರು_ಅಣ್ಣ

ಹನ್ನೊಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಆವತ್ತು ಸಹಾಯ ಮಾಡಿದವರಿಗೆಲ್ಲ ಏನಾಯಿತು ಅಂತ ಹೇಳಲೇಬೇಕು.

60 ಸಾವಿರ ಕಟ್ಟಲಿಲ್ಲ. ಗಂಗಾವತಿಯ ಕಾಕಾ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಮಾತಾಡದೆ ಎದ್ದು ಹೋದರು. ಆಮೇಲೆ ಹೊಲ ಮಾರುವ ಮಾತು ಮನೆಯಲ್ಲಿ ಬರಲಿಲ್ಲ.

ಮೊದಲು ಹೆಸರು ಸರಿಮಾಡಿಸಿದೆವು. ಅದಕ್ಕೇ ಎರಡು ತಿಂಗಳು ಹೋಯಿತು. ಟ್ರಾನ್ಸ್‌ಕ್ರಿಪ್ಟ್‌ಗೆ ನಾಲ್ಕು ಸಲ ಅಲೆದೆವು. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೆಯಲು ತಂಗಿ ಹೈದರಾಬಾದಿಗೆ ಹೋದಳು, ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ. ಆ ಅಂಕ ಎರಡು ವರ್ಷ ನಡೆಯುತ್ತದಂತೆ. ಎಪಿಎಸ್ ಬಂತು. ಪತ್ರವನ್ನು ಅವಳು ಆರು ಸಲ ತಿದ್ದಿ ಬರೆದಳು. ಗೇಟು ಹೋದ ರಾತ್ರಿಯಿಂದಲೇ ಶುರು ಮಾಡಿದ್ದಾಳೆ. ಕಡಿಮೆ ನೀರಿಗೆ ಬರುವ ಭತ್ತದ ತಳಿ ಬಗ್ಗೆ ಓದಬೇಕು ಅಂತ ಬರೆದಿದ್ದಾಳೆ.

ಇರಾಸ್ಮಸ್‌ನಲ್ಲಿ ರಿಸರ್ವ್ ಲಿಸ್ಟ್. ಯಾರಾದರೂ ಬಿಟ್ಟರೆ ಬರಬಹುದು, ಇಲ್ಲ ಅಂದರೆ ಇಲ್ಲ. ಅಮೆರಿಕದ ಒಂಬತ್ತು ಮೇಲ್‌ಗೆ ಒಂದು ಉತ್ತರ ಬಂತು, ಈ ವರ್ಷ ಹಣ ಇಲ್ಲ, ಮುಂದಿನ ವರ್ಷ ಬರೆ ಅಂತ. ಗೋಟಿಂಗನ್‌ನಿಂದ ಆಫರ್ ಬಂದಿದೆ. ಸಿಂಧನೂರಿನಲ್ಲಿ ಅಮ್ಮನ ಹೆಸರಲ್ಲಿ ಒಂದು ನಿವೇಶನ ಇತ್ತು, ಅದನ್ನಿಟ್ಟು 10 ಲಕ್ಷ ಸಾಲ ಮಂಜೂರಾಗಿದೆ. ಉಳಿದದ್ದು ಎರಡು ಬೆಳೆಯ ದುಡ್ಡು. ಓದುವಾಗಿನ ಬಡ್ಡಿ ನಾನು ಕಟ್ಟುತ್ತೇನೆ.

ರಾಯಚೂರಿನ ಅಕ್ಕಾ, ಈಗ ಮುಂದೆ ಏನು ಮಾಡಬೇಕು?

ರಾಯಚೂರಿಂದ_ಗೋಟಿಂಗನ್

ಅಣ್ಣಾ, ಓದಿ ಕಣ್ಣಲ್ಲಿ ನೀರು ಬಂತು. ಈಗ ಎರಡು ಕೆಲಸ. ಇವತ್ತು ರಾತ್ರಿಯೇ ಹಾಸ್ಟೆಲ್ ಅರ್ಜಿ ಹಾಕಿಸಿ. ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲ್ ಅಗ್ಗ, ಆದರೆ ಸರತಿ ತುಂಬಾ ಉದ್ದ. ವೀಸಾ ಬರಲಿ ಅಂತ ಕಾಯಬೇಡಿ. ಎರಡನೆಯದು, ಸಾಲದ ಹಣ ಬ್ಲಾಕ್ಡ್ ಅಕೌಂಟಿಗೇ ನೇರ ಹೋಗಬೇಕು ಅಂತ ಬ್ಯಾಂಕಿನವರಿಗೆ ಬರೆದು ಕೊಡಿ, ಮಂಜೂರಾತಿ ಪತ್ರದಲ್ಲಿ ಅದು ಇದೆಯಾ ನೋಡಿ. ತಂಗಿ ನಂಬರ್ ಮೆಸೇಜ್ ಮಾಡಿ, ನಾನೇ ಮಾತಾಡ್ತೀನಿ.

ಗಂಗಾವತಿ_ತಂದೆ

ಬಹಳ ಸಂತೋಷ ತಮ್ಮಾ. ಅಪ್ಪನಿಗೆ ನನ್ನ ನಮಸ್ಕಾರ ಹೇಳು.

ಸಿಂಧನೂರು_ಅಣ್ಣ

ಹೇಳಿದೆ ಕಾಕಾ. ಅಕ್ಕಾ, ಹಾಸ್ಟೆಲ್ ಅರ್ಜಿ ಈಗಷ್ಟೇ ಹಾಕಿದೆವು. ಬ್ಯಾಂಕಿಗೆ ಸೋಮವಾರ ಹೋಗುತ್ತೇವೆ.